ಕಬ್ಬು ನಮ್ಮದು, ಆಲೆಮನೆ ಅವರದು: ಓಪನ್‌ಸೋಲಾರಿಸ್ ಮತ್ತು ಅದರ ಕಂಪೈಲರ್

ಮಳವಳ್ಳಿ ತಾಲೂಕಿನ ಬೆಳಕವಾಡಿ ಕಡೆ ಕಬ್ಬು ಬೆಳೆಯುವ ಎಲ್ಲರಿಗೂ ಸ್ವಂತ ಆಲೆಮನೆ ಇರುವುದಿಲ್ಲ. ಕಬ್ಬು ಕಡಿದು ಇನ್ನೊಬ್ಬರ ಆಲೆಮನೆಗೆ ಸಾಗಿಸಿ, ಬಾಡಿಗೆ ಕೊಟ್ಟು ಅರೆಸಿ, ಹಾಲು ಕಾಯಿಸಿ, ಅಚ್ಚುಬೆಲ್ಲ ಮಾಡಿಸಿಕೊಂಡು ಬರುವವರಿದ್ದಾರೆ. ಗಾಣ ಬೇರೆಯವರದು ಎಂದ ಮಾತ್ರಕ್ಕೆ ಬೆಲ್ಲ ಅವರದಾಗುವುದಿಲ್ಲ. ತಂತ್ರಾಂಶದಲ್ಲೂ ಇಂಥದೇ ಏರ್ಪಾಡೊಂದು ಕೆಲವು ವರ್ಷ ನಡೆದಿತ್ತು. ಅದರಲ್ಲಿ ಬೆಂಗಳೂರಿಗೂ ಪಾಲಿತ್ತು.

ಕಂಪೈಲರ್ ಎಂಬ ಗಾಣ

ಆಪರೇಟಿಂಗ್ ಸಿಸ್ಟಂ ಒಂದನ್ನು ಹೆಚ್ಚಾಗಿ ಸಿ ಭಾಷೆಯಲ್ಲಿ ಬರೆಯುತ್ತಾರೆ. ಮನುಷ್ಯರು ಓದಬಲ್ಲ ಈ ಬರಹವೇ ಸೋರ್ಸ್ ಕೋಡ್. ಕಂಪ್ಯೂಟರಿಗೆ ಅದು ಅರ್ಥವಾಗದು. ಅದನ್ನು ಅರೆದು, ಪ್ರೊಸೆಸರ್ ನಡೆಸಬಲ್ಲ ಸೂಚನೆಗಳಾಗಿ ಇಳಿಸುವ ತಂತ್ರಾಂಶ ಕಂಪೈಲರ್. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದ್ದು, ಕಂಪೈಲರ್ ಮಾತ್ರ ಒಂದು ಕಂಪನಿಯ ಸ್ವತ್ತಾಗಿದ್ದರೆ ಆ ಆಪರೇಟಿಂಗ್ ಸಿಸ್ಟಂ ಎಷ್ಟರ ಮಟ್ಟಿಗೆ ಮುಕ್ತ?

ಸನ್ ತೆರೆದದ್ದು, ತೆರೆಯದೆ ಉಳಿಸಿದ್ದು

ಸನ್ ಮೈಕ್ರೋಸಿಸ್ಟಮ್ಸ್ 2005ರ ಜೂನ್ 14ರಂದು ತನ್ನ ಸೋಲಾರಿಸ್ ಆಪರೇಟಿಂಗ್ ಸಿಸ್ಟಂನ ಸೋರ್ಸ್ ಕೋಡ್‌ನ ಬಹುಭಾಗವನ್ನು ಸಿಡಿಡಿಎಲ್ ಎಂಬ ಲೈಸೆನ್ಸ್ ಅಡಿಯಲ್ಲಿ ಬಿಡುಗಡೆ ಮಾಡಿತು. ಹೆಸರು ಓಪನ್‌ಸೋಲಾರಿಸ್. ಆದರೆ ಆ ಕೋಡನ್ನು ಅರೆಯಲು ಸನ್ ಬಳಸುತ್ತಿದ್ದದ್ದು ತನ್ನದೇ ಸನ್ ಸ್ಟುಡಿಯೋ ಕಂಪೈಲರ್. ಅದನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಕೊಟ್ಟರು. ಅದರ ಒಳಗನ್ನು ಮಾತ್ರ ತೆರೆಯಲಿಲ್ಲ. ಕನ್ನಡದಲ್ಲಿ ಮುಕ್ತ, ಉಚಿತ ಎಂದು ಎರಡು ಬೇರೆ ಮಾತುಗಳಿರುವುದರಿಂದ ಈ ವ್ಯತ್ಯಾಸ ನಮಗೆ ಬೇಗ ಹಿಡಿಯುತ್ತದೆ.

ಸನ್ ಹೀಗೆ ಮಾಡಿದ್ದರಲ್ಲಿ ಕುತಂತ್ರವೇನೂ ಇರಲಿಲ್ಲ. ಸ್ಪಾರ್ಕ್ ಚಿಪ್ ಅವರದೇ ಆಗಿತ್ತು. ಆ ಚಿಪ್ಪಿನಿಂದ ಪೂರ್ತಿ ವೇಗ ತೆಗೆಯಲು ಅವರ ಕಂಪೈಲರೇ ಬೇಕಿತ್ತು. ವರ್ಷಗಟ್ಟಲೆ ಅದೇ ಕಂಪೈಲರಿನ ಲೆಕ್ಕದಲ್ಲಿ ಬರೆದ ಕೋಡ್ ಬೇರೆ ಕಂಪೈಲರಿಗೆ ಸಲೀಸಾಗಿ ಒಗ್ಗುವುದೂ ಇಲ್ಲ.

ಇಷ್ಟಾದರೂ ಸನ್ ಎಂಜಿನಿಯರುಗಳು ಒಂದು ಜಾಣತನದ ಕೆಲಸ ಮಾಡಿದ್ದರು. ‘ಸಿಡಬ್ಲ್ಯು’ ಎಂಬ ಪುಟ್ಟ ತಂತ್ರಾಂಶವೊಂದನ್ನು ನಡುವೆ ಕೂರಿಸಿದ್ದರು. ಸನ್ ಕಂಪೈಲರಿಗೆ ಕೊಟ್ಟ ಆಜ್ಞೆಗಳನ್ನು ಮುಕ್ತ ಕಂಪೈಲರ್ ಆದ ಜಿಸಿಸಿಗೆ ತಿಳಿಯುವಂತೆ ತಿರುಗಿಸುವುದು ಅದರ ಕೆಲಸ. ಅಧಿಕೃತ ಫಸಲು ಸನ್ ಕಂಪೈಲರಿನಿಂದ ಬರುತ್ತಿತ್ತು. ಅದೇ ಕೋಡನ್ನು ನೆರಳಿನಂತೆ ಜಿಸಿಸಿಯಲ್ಲೂ ಅರೆದು, ಅದು ಕಂಡ ತಪ್ಪುಗಳನ್ನು ತಿದ್ದಿ, ಹೊರಬಂದದ್ದನ್ನು ಎಸೆದುಬಿಡುತ್ತಿದ್ದರು. ಎರಡು ಕಣ್ಣಿನಿಂದ ನೋಡಿದರೆ ತಪ್ಪು ಜಾಸ್ತಿ ಸಿಗುತ್ತದೆ ಎಂಬುದಷ್ಟೇ ಆಗಿನ ಲೆಕ್ಕ.

ಬೆಂಗಳೂರಿನ ಬೆಲೆನಿಕ್ಸ್

ಸೋರ್ಸ್ ಕೋಡ್ ಬಿಡುಗಡೆಯಾದ ಮಾತ್ರಕ್ಕೆ ಸಾಮಾನ್ಯ ಬಳಕೆದಾರನ ಕೈಗೆ ಏನೂ ಸಿಕ್ಕಂತಾಗುವುದಿಲ್ಲ. ಬೆಂಗಳೂರಿನಲ್ಲಿದ್ದ ಸನ್ ಎಂಜಿನಿಯರಿಂಗ್ ಕೇಂದ್ರದ ಮೊಯ್ನಾಕ್ ಘೋಷ್ ಮತ್ತು ಗೆಳೆಯರು ಓಪನ್‌ಸೋಲಾರಿಸ್ ಕೋಡಿನಿಂದ ಬೆಲೆನಿಕ್ಸ್ ಎಂಬ ಲೈವ್ ಸಿಡಿ ಕಟ್ಟಿದರು. ಹಾರ್ಡ್ ಡಿಸ್ಕ್ ಮುಟ್ಟದೆ, ಸಿಡಿ ಹಾಕಿದ ತಕ್ಷಣ ಏಳುವ ಆಪರೇಟಿಂಗ್ ಸಿಸ್ಟಂ ಅದು. ದೊಡ್ಡ ಸರ್ವರುಗಳಿಗಾಗಿ ಬೆಳೆದ ಸೋಲಾರಿಸನ್ನು ಹಿಂಡಿ ಒಂದೇ ಸಿಡಿಗೆ ಹಿಡಿಸಿದ ಅವರ ಕೆಲಸ ಮುಂದೆ ಸನ್‌ಗೇ ದಾರಿಯಾಯಿತು. 2008ರ ಮೇ ತಿಂಗಳಲ್ಲಿ ಬಂದ ಅಧಿಕೃತ ಓಪನ್‌ಸೋಲಾರಿಸ್ ಲೈವ್ ಸಿಡಿಯ ಹಿಂದೆ ಬೆಲೆನಿಕ್ಸ್‌ನ ತಂತ್ರವಿತ್ತು.

ಬೆಲೆನಿಕ್ಸ್ ಎಂಬ ಹೆಸರು ಬಂದದ್ದು ಕೆಲ್ಟಿಕ್ ಜನರ ಸೂರ್ಯದೇವ ಬೆಲೆನೋಸ್‌ನಿಂದ.

ಕಾನೂನಿನ ಮಾತು

ಮುಕ್ತ ಕೋಡನ್ನು ಮುಚ್ಚಿದ ಕಂಪೈಲರಿನಲ್ಲಿ ಅರೆಯುವುದಕ್ಕೆ ಕಾನೂನಿನ ಕಡೆಯಿಂದ ತಕರಾರು ಕಡಿಮೆ. ಸಿಡಿಡಿಎಲ್ ಅನ್ವಯವಾಗುವುದು ಒಂದೊಂದು ಫೈಲಿಗೆ. ಅದನ್ನು ಯಾವುದರಲ್ಲಿ ಅರೆದಿರಿ ಎಂದು ಕೇಳುವುದಿಲ್ಲ. ಹೆಚ್ಚು ಕಟ್ಟುನಿಟ್ಟಿನ ಜಿಪಿಎಲ್ ಲೈಸೆನ್ಸ್ ಕೂಡ 1991ರ ಎರಡನೇ ಆವೃತ್ತಿಯಲ್ಲಿ, ಸಿಸ್ಟಂ ಜೊತೆಗೇ ಬರುವ ಕಂಪೈಲರಿನಂಥ ಭಾಗಗಳ ಸೋರ್ಸನ್ನು ಕೊಡಬೇಕಿಲ್ಲ ಎಂದು ವಿನಾಯಿತಿ ಇಟ್ಟಿದೆ. ಇಡದೆ ಉಪಾಯವಿರಲಿಲ್ಲ. 1987ರಲ್ಲಿ ಮೊದಲು ಹೊರಬಂದ ಜಿಸಿಸಿಯನ್ನೇ ಹೊಸ ಯಂತ್ರದಲ್ಲಿ ನಿಲ್ಲಿಸಲು, ಆಗಲೇ ಅಲ್ಲಿದ್ದ ಕಂಪನಿಯ ಕಂಪೈಲರಿನಲ್ಲಿ ಒಮ್ಮೆ ಅರೆಯಬೇಕಾಗುತ್ತಿತ್ತು. ಆಮೇಲೆ ಅದು ತನ್ನನ್ನು ತಾನೇ ಅರೆದುಕೊಳ್ಳುತ್ತಿತ್ತು.

ಲಿನಕ್ಸ್‌ನದು ತಿರುಗುಮುರುಗಾದ ಕಥೆ. 1991ರಿಂದಲೂ ಜಿಸಿಸಿಯ ವಿಶೇಷ ಸೌಲಭ್ಯಗಳಿಗೆ ಅಂಟಿಕೊಂಡೇ ಬೆಳೆದ ಅದನ್ನು ತನ್ನ ಒಡೆತನದ ಕಂಪೈಲರಿನಲ್ಲಿ ಕಟ್ಟಲು ಇಂಟೆಲ್, ಜಿಸಿಸಿಯ ನಡೆಯನ್ನೇ ಅನುಕರಿಸಬೇಕಾಯಿತು.

ಬೆಲ್ಲದ ಬಣ್ಣ

ಬೆಲ್ಲ ಹೊಂಬಣ್ಣಕ್ಕೆ ಬರಲೆಂದು ಕೊಪ್ಪರಿಗೆಗೆ ರಾಸಾಯನಿಕ ಬೆರೆಸುವ ಚಾಳಿ ಮಂಡ್ಯದವರಿಗೆ ಹೊಸದಲ್ಲ. ಕಬ್ಬಿನ ಗದ್ದೆಯನ್ನು ಎಷ್ಟು ಪರೀಕ್ಷಿಸಿದರೂ ಅದು ತಿಳಿಯದು. ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದು ಇದನ್ನೇ. ಆ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಲಾಗಿನ್ ತಂತ್ರಾಂಶದ ಸೋರ್ಸ್ ಶುದ್ಧವಾಗಿದ್ದರೂ, ಅದನ್ನು ಅರೆಯುವಾಗ ಕಂಪೈಲರ್ ಗುಟ್ಟಾಗಿ ಕಳ್ಳಬಾಗಿಲು ಸೇರಿಸಬಲ್ಲದು. ಕಂಪೈಲರನ್ನೇ ಮತ್ತೆ ಅರೆದಾಗ ಆ ಕೆಟ್ಟ ಗುಣವನ್ನು ಹೊಸದಕ್ಕೂ ದಾಟಿಸಬಲ್ಲದು. ಕಂಪೈಲರಿನ ಸೋರ್ಸ್ ಓದಿದರೂ ಕಳ್ಳ ಸಿಗುವುದಿಲ್ಲ.

ಇದಕ್ಕೆ ಡೇವಿಡ್ ವೀಲರ್ 2005ರ ಪ್ರಬಂಧದಲ್ಲಿ ವಿವರಿಸಿದ ಮದ್ದು ಬೇರೊಂದು ಕಂಪೈಲರ್: ಶಂಕೆಯಿರುವ ಕಂಪೈಲರಿನ ಸೋರ್ಸನ್ನು ಎರಡನೆಯದರಲ್ಲಿ ಅರೆದು, ಬಂದದ್ದರಲ್ಲಿ ಅದೇ ಸೋರ್ಸನ್ನು ಮತ್ತೊಮ್ಮೆ ಅರೆದು, ಫಲಿತ ಆ ಶಂಕಿತ ಕಂಪೈಲರಿಗೆ ಬಿಟ್‌ಬಿಟ್ಟೂ ತಾಳೆಯಾಗುತ್ತದೆಯೇ ನೋಡುವುದು. ಸನ್ ಸ್ಟುಡಿಯೋದ ಸೋರ್ಸೇ ಕೈಗೆ ಸಿಗದಿದ್ದರಿಂದ ಹೊರಗಿನವರಿಗೆ ಈ ಪರೀಕ್ಷೆಯ ದಾರಿ ಮುಚ್ಚಿತ್ತು. ಸನ್ ಕಳ್ಳಬಾಗಿಲು ಇಟ್ಟಿತ್ತೆಂದಲ್ಲ. ನಂಬುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ ಎಂಬುದೇ ನನ್ನ ಆಕ್ಷೇಪ, ಲೈಸೆನ್ಸಿನ ಚರ್ಚೆಗಿಂತ ಇದು ದೊಡ್ಡದು.

ಒಡೆಯ ಬದಲಾದಾಗ

2010ರ ಜನವರಿಯಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಅದೇ ವರ್ಷ ಓಪನ್‌ಸೋಲಾರಿಸ್ ಕೋಡ್ ಹೊರಬರುವುದು ನಿಂತಿತು. ಆಗಲೇ ಬಿಡುಗಡೆಯಾಗಿದ್ದ ಕೋಡನ್ನು ಹಿಂದಕ್ಕೆ ಪಡೆಯಲು ಯಾರಿಗೂ ಸಾಧ್ಯವಿರಲಿಲ್ಲ. ಆಗಸ್ಟ್ 3ರಂದು ಅದರ ಕವಲಾಗಿ ಇಲ್ಯೂಮೋಸ್ ಘೋಷಣೆಯಾಯಿತು. ಆ ಹೆಸರಿನಲ್ಲೂ ಬೆಳಕೇ ಇದೆ. ಮುಚ್ಚಿದ ರೂಪದಲ್ಲೇ ಉಳಿದಿದ್ದ ಕೆಲವು ಭಾಗಗಳನ್ನು ಹೊಸದಾಗಿ ಬರೆಯಬೇಕಾಯಿತು. ಗಾಣವೂ ಬದಲಾಗಬೇಕಿತ್ತು. ಆಗ ಕೈಹಿಡಿದದ್ದು ಹಳೆಯ ಸಿಡಬ್ಲ್ಯು: ನೆರಳಾಗಿ ಅರೆಸಿಕೊಂಡು ಬಂದಿದ್ದರಿಂದ ಕೋಡ್ ಜಿಸಿಸಿಗೆ ಆಗಲೇ ಬಹುಪಾಲು ಒಗ್ಗಿತ್ತು. ಕೆಲವು ತಿದ್ದುಪಡಿಗಳೊಡನೆ ಜಿಸಿಸಿ 4.4.4 ಮುಖ್ಯ ಕಂಪೈಲರ್ ಆಯಿತು. ಸಿಡಬ್ಲ್ಯು ಇಂದಿಗೂ ಇಲ್ಯೂಮೋಸ್‌ನಲ್ಲಿದೆ. ಜಿಸಿಸಿ ಬಿಟ್ಟುಹೋದ ನೆರಳಿನ ಜಾಗದಲ್ಲಿ ಈಗ ಸ್ಮ್ಯಾಚ್ ಎಂಬ ಮುಕ್ತ ತಪಾಸಣಾ ತಂತ್ರಾಂಶ ಕೋಡಿನ ತಪ್ಪು ಹುಡುಕುತ್ತದೆ.