ನಿರಾಕರಣೆ ಮತ್ತು ಮೌನ: ವೆಬ್ ಆ್ಯಪ್‌ಗಳಲ್ಲಿ ಮೈಕ್ ದೋಷ ಪತ್ತೆಯ ಕ್ರಮ

ಸಾರಾಂಶ

ವೆಬ್ ಆ್ಯಪ್‌ನಲ್ಲಿ ದನಿ ಹೋಗದಿದ್ದಾಗ ಬಳಕೆದಾರರು ಮೊದಲು ಶಂಕಿಸುವುದು ಮೈಕನ್ನೇ. ಆದರೆ ಮೈಕ್ ಸುಸ್ಥಿತಿಯಲ್ಲಿದ್ದೂ ದನಿ ನಡುದಾರಿಯಲ್ಲಿ ನಿಲ್ಲಬಹುದು. ಈ ದೋಷಗಳನ್ನು ಲೇಖನವು ನಿರಾಕರಣೆ, ಮೌನ ಎಂದು ಎರಡು ವರ್ಗವಾಗಿ ವಿಂಗಡಿಸುತ್ತದೆ. ನಿರಾಕರಣೆಯಲ್ಲಿ ಬ್ರೌಸರ್ ಕಾರಣವನ್ನು ಹೆಸರಿಸುತ್ತದೆ; ಮೌನದಲ್ಲಿ ಅನುಮತಿ ಸಿಕ್ಕಿಯೂ ದನಿ ಬರುವುದಿಲ್ಲ. ಪತ್ತೆಕಾರ್ಯ ಈ ವಿಂಗಡಣೆಯಿಂದ ಆರಂಭವಾಗಬೇಕು. ಪತ್ತೆಯಾದ ದೋಷವನ್ನು ಬಳಕೆದಾರರಿಗೆ ಅವರ ನುಡಿಯಲ್ಲೇ ತಿಳಿಸುವುದು ಆ್ಯಪ್ ರೂಪಿಸುವವರ ಹೊಣೆ ಎಂಬುದು ಇಲ್ಲಿನ ವಾದ.

1. ದನಿ ಸಾಗುವ ದಾರಿ

ಬ್ರೌಸರ್‌ನಲ್ಲಿ ದನಿ ಹಿಡಿಯಲು ಒಂದು ಕಾಲಕ್ಕೆ ಫ್ಲ್ಯಾಶ್‌ನಂಥ ಪ್ಲಗಿನ್ ಬೇಕಿತ್ತು. 2011ರಲ್ಲಿ ಗೂಗಲ್ ವೆಬ್‌ಆರ್‌ಟಿಸಿಯನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಬಳಿಕ ಆ ಸಾಮರ್ಥ್ಯ ಕ್ರಮೇಣ ಬ್ರೌಸರ್‌ಗಳ ಒಳಗೇ ಸೇರಿತು. 2021ರ ಜನವರಿಯಲ್ಲಿ ಅದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂನ ಅಧಿಕೃತ ಶಿಫಾರಸಾಯಿತು. ಇಂದು ವೆಬ್ ಪುಟವು ‘ಗೆಟ್‌ಯೂಸರ್‌ಮೀಡಿಯಾ’ ಎಂಬ ಕರೆಯ ಮೂಲಕ ಮೈಕನ್ನು ಕೋರುತ್ತದೆ.

ದನಿಯು ಮೈಕ್, ಡ್ರೈವರ್, ಆಪರೇಟಿಂಗ್ ಸಿಸ್ಟಂ, ಬ್ರೌಸರ್‌ಗಳನ್ನು ದಾಟಿ ಪುಟವನ್ನು ಮುಟ್ಟುತ್ತದೆ. ಖಾಸಗಿತನದ ರಕ್ಷಣೆಗಾಗಿ ಈ ದಾರಿಯಲ್ಲಿ ಒಂದೊಂದಾಗಿ ತಡೆಗಳು ಸೇರಿದವು. 2015ರಲ್ಲಿ ಬಂದ ಕ್ರೋಮ್ 47ನೇ ಆವೃತ್ತಿ, ಎಚ್‌ಟಿಟಿಪಿಎಸ್ ಇಲ್ಲದ ತಾಣಗಳಿಗೆ ಮೈಕ್ ಕೊಡುವುದನ್ನು ನಿಲ್ಲಿಸಿತು. 2018ರ ಮ್ಯಾಕ್‌ಒಎಸ್ ಮೊಹಾವೆಯಲ್ಲಿ ಮೈಕ್ ಬಳಸಲು ಪ್ರತಿ ಆ್ಯಪ್‌ಗೂ ಪ್ರತ್ಯೇಕ ಅನುಮತಿ ಬೇಕಾಯಿತು. ಈ ತಡೆಗಳು ಅಗತ್ಯವಾದವು. ಆದರೆ ಯಾವ ತಡೆಯಲ್ಲಿ ದನಿ ನಿಂತಿತು ಎಂಬುದು ಸಾಮಾನ್ಯ ಬಳಕೆದಾರರಿಗೆ ಕಾಣುವುದಿಲ್ಲ.

2. ನಿರಾಕರಣೆ

ಕೋರಿಕೆ ವಿಫಲವಾದಾಗ ಬ್ರೌಸರ್ ಪುಟಕ್ಕೆ ಒಂದು ದೋಷನಾಮವನ್ನು ಹಿಂದಿರುಗಿಸುತ್ತದೆ. ‘ನಾಟ್‌ಅಲೌಡ್’ ಎಂದರೆ ಬಳಕೆದಾರರೋ ಬ್ರೌಸರೋ ಆಪರೇಟಿಂಗ್ ಸಿಸ್ಟಮ್ಮೋ ಅನುಮತಿ ಕೊಟ್ಟಿಲ್ಲ. ‘ನಾಟ್‌ಫೌಂಡ್’ ಎಂದರೆ ಮೈಕ್ ಕಾಣಿಸಿಲ್ಲ. ‘ನಾಟ್‌ರೀಡಬಲ್’ ಎಂದರೆ ಅನುಮತಿ ಇದ್ದರೂ ಸಾಧನ ತೆರೆಯುತ್ತಿಲ್ಲ. ವಿಂಡೋಸ್‌ನಲ್ಲಿ ಬೇರೊಂದು ಪ್ರೋಗ್ರಾಂ ಮೈಕನ್ನು ಹಿಡಿದಿಟ್ಟುಕೊಂಡಾಗ ಹೀಗಾಗಬಹುದು. ‘ಓವರ್‌ಕನ್‌ಸ್ಟ್ರೇನ್ಡ್’ ಎಂದರೆ ಪುಟ ಕೇಳಿದ ಷರತ್ತಿಗೆ ಹೊಂದುವ ಸಾಧನವಿಲ್ಲ. ನಿನ್ನೆ ಬಳಸಿದ ಹೆಡ್‌ಸೆಟ್‌ನ ಗುರುತನ್ನು ನೆನಪಿಟ್ಟ ಆ್ಯಪ್, ಇಂದು ಹೆಡ್‌ಸೆಟ್ ಇಲ್ಲದಿದ್ದರೂ ಅದನ್ನೇ ಕೇಳಿದಾಗ ಬರುವುದು ಈ ದೋಷ.

ಯಾವ ದೋಷನಾಮವೂ ಬಾರದ ಪ್ರಸಂಗವೊಂದಿದೆ. ಆ್ಯಪ್ ಬರೆಯುವವರು ತಮ್ಮ ಕಂಪ್ಯೂಟರ್‌ನಲ್ಲಿ ‘ಲೋಕಲ್‌ಹೋಸ್ಟ್’ ವಿಳಾಸದಲ್ಲಿ ಪರೀಕ್ಷಿಸಿದಾಗ ಮೈಕ್ ಕೆಲಸ ಮಾಡುತ್ತದೆ, ಏಕೆಂದರೆ ಬ್ರೌಸರ್ ಆ ವಿಳಾಸವನ್ನು ಸುರಕ್ಷಿತವೆಂದು ಎಣಿಸುತ್ತದೆ. ಅದೇ ಆ್ಯಪನ್ನು ಅದೇ ವೈಫೈನಲ್ಲಿರುವ ಮೊಬೈಲ್‌ನಲ್ಲಿ 192.168ರಿಂದ ಶುರುವಾಗುವ ಎಚ್‌ಟಿಟಿಪಿ ವಿಳಾಸದಿಂದ ತೆರೆದರೆ, ಮೈಕ್ ಕೋರುವ ಸೌಲಭ್ಯವೇ ಪುಟಕ್ಕೆ ಸಿಗುವುದಿಲ್ಲ. ಇನ್ನು, ಬೇರೆ ತಾಣದೊಳಗೆ ಚೌಕಟ್ಟಾಗಿ ಕೂರಿಸಿದ ಆ್ಯಪ್‌ಗೆ ಹೊರಗಿನ ಪುಟ ಮೈಕ್ ಬಳಸಲು ಬಿಡದಿದ್ದರೆ, ಬಳಕೆದಾರರಿಗೆ ಅನುಮತಿಯ ಪ್ರಶ್ನೆಯೇ ಕಾಣಿಸದೆ ಕೋರಿಕೆ ತಿರಸ್ಕೃತವಾಗುತ್ತದೆ.

3. ಮೌನ

ಎರಡನೆಯ ವರ್ಗ ಹೆಚ್ಚು ಕಠಿಣ. ಟ್ಯಾಬ್‌ನಲ್ಲಿ ರೆಕಾರ್ಡಿಂಗ್ ಗುರುತು ಕಾಣುತ್ತಿರುತ್ತದೆ, ಪುಟದಲ್ಲಿ ದನಿಮಟ್ಟ ತೋರುವ ‘ದನಿಪಟ್ಟಿ’ ಮಾತ್ರ ಅಲುಗುವುದಿಲ್ಲ. ತಪ್ಪು ಮೈಕ್ ಆಯ್ಕೆಯಾಗಿರುವುದು, ಹೆಡ್‌ಸೆಟ್‌ನ ತಂತಿಯಲ್ಲಿರುವ ಮ್ಯೂಟ್ ಗುಂಡಿ ಒತ್ತಿರುವುದು ಇದರ ಸಾಮಾನ್ಯ ಕಾರಣಗಳು. ಟಿ2 ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ ಮುಚ್ಚಳ ಮುಚ್ಚಿದೊಡನೆ ಒಳಮೈಕಿನ ಸಂಪರ್ಕ ಯಂತ್ರಾಂಶದ ಮಟ್ಟದಲ್ಲೇ ಕಡಿಯುತ್ತದೆ. ಮುಚ್ಚಳ ಮುಚ್ಚಿ ಹೊರಗಿನ ಮಾನಿಟರ್‌ನಲ್ಲಿ ಕೆಲಸ ಮಾಡುವವರು ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಮರಳುವುದಿಲ್ಲ.

ದನಿಪಟ್ಟಿಯ ಸಾಕ್ಷ್ಯವನ್ನೂ ಪರೀಕ್ಷಿಸಬೇಕು. ಬಳಕೆದಾರರು ಪುಟವನ್ನು ಮುಟ್ಟುವ ಮೊದಲೇ ಶುರುಮಾಡಿದ ‘ಆಡಿಯೊಕಾಂಟೆಕ್ಸ್ಟ್’ ಎಂಬ ದನಿ ಸಂಸ್ಕರಣೆಯ ಸೌಲಭ್ಯವನ್ನು ಬ್ರೌಸರ್ ತಡೆಹಿಡಿಯಬಹುದು. ಆಗ ಮೈಕ್ ಸರಿಯಾಗಿದ್ದರೂ ಪಟ್ಟಿ ಸೊನ್ನೆಯಲ್ಲೇ ನಿಲ್ಲುತ್ತದೆ. ಕೆಟ್ಟಿರುವುದು ಅಳತೆ ಮಾತ್ರ.

ಆದ್ದರಿಂದ ಪರೀಕ್ಷೆ ಆಪರೇಟಿಂಗ್ ಸಿಸ್ಟಂನಿಂದಲೇ ಶುರುವಾಗುವುದು ಒಳಿತು. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಸೌಂಡ್ ಸೆಟ್ಟಿಂಗ್ಸ್‌ನ ಇನ್‌ಪುಟ್ ಭಾಗದಲ್ಲಿ ದನಿಮಟ್ಟ ಕಾಣುತ್ತದೆ. ಮಾತಾಡಿದಾಗ ಅಲ್ಲಿ ಪಟ್ಟಿ ಏಳದಿದ್ದರೆ ದೋಷ ಮೈಕ್, ತಂತಿ, ಡ್ರೈವರ್ ಅಥವಾ ಸಿಸ್ಟಂನ ಮೈಕ್ ಆಯ್ಕೆಯಲ್ಲಿದೆ. ಬ್ರೌಸರನ್ನು ಕೆದಕಿ ಫಲವಿಲ್ಲ. ಪಟ್ಟಿ ಎದ್ದರೆ, ಅದೇ ಬ್ರೌಸರ್‌ನಲ್ಲಿ ಮೈಕ್ ಬಳಸುವ ಮತ್ತೊಂದು ತಾಣವನ್ನು ತೆರೆದು ನೋಡಬೇಕು. ಅಲ್ಲಿ ದನಿ ಬಂದರೆ ದೋಷ ಮೊದಲ ತಾಣದ ಅನುಮತಿಯಲ್ಲೋ ಆಯ್ಕೆಯಲ್ಲೋ ಆ್ಯಪ್‌ನಲ್ಲೋ ಇದೆ. ಬಾರದಿದ್ದರೆ ಬ್ರೌಸರ್‌ಗೆ ಸಿಸ್ಟಂ ಕೊಟ್ಟ ಅನುಮತಿಯನ್ನು ನೋಡಬೇಕು. ಎರಡೇ ಪರೀಕ್ಷೆಗಳಲ್ಲಿ ಹುಡುಕಾಟದ ವ್ಯಾಪ್ತಿ ಬಹಳ ಕಿರಿದಾಗುತ್ತದೆ.

4. ಕನ್ನಡದ ಸಂದರ್ಭ

ಭಾರತ ಸರ್ಕಾರದ ಭಾಷಿಣಿ ಯೋಜನೆಯ ‘ಭಾಷಾದಾನ’ ಎಂಬ ದತ್ತಾಂಶ ಸಂಗ್ರಹದಲ್ಲಿ ಜನರು ತೆರೆಯ ಮೇಲಿನ ವಾಕ್ಯ ಓದಿ ಬ್ರೌಸರ್‌ನಲ್ಲೇ ದನಿ ನೀಡುತ್ತಾರೆ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡವನ್ನು ಮಾತಿನಿಂದಲೇ ಟೈಪಿಸಬಹುದು. ದನಿ ಸಂಗ್ರಹಿಸುವ ಆ್ಯಪ್‌ಗಳಲ್ಲಿ ಮೈಕಿನ ತೊಡಕು ಬಗೆಹರಿಯದಿದ್ದರೆ ಓದುವವರು ಎದ್ದುಹೋಗುತ್ತಾರೆ, ಅವರ ಊರಿನ ಉಚ್ಚಾರಣೆ ದತ್ತಾಂಶಕ್ಕೆ ಸೇರುವುದೇ ಇಲ್ಲ.

‘ಮೈಕ್ ಲಭ್ಯವಿಲ್ಲ’ ಎಂಬ ಒಂದೇ ಸಂದೇಶ ಎಲ್ಲ ದೋಷಗಳಿಗೂ ಸಾಲದು. ನಿರಾಕರಣೆಯಾದಾಗ ‘ಈ ತಾಣಕ್ಕೆ ಮೈಕ್ ಅನುಮತಿ ಇಲ್ಲ, ವಿಳಾಸಪಟ್ಟಿಯ ಪಕ್ಕದ ಗುರುತನ್ನು ಒತ್ತಿ ಅನುಮತಿ ಕೊಡಿ’ ಎಂದೋ, ‘ಮೈಕನ್ನು ಬೇರೆ ಪ್ರೋಗ್ರಾಂ ಬಳಸುತ್ತಿರಬಹುದು, ಅದನ್ನು ಮುಚ್ಚಿ ನೋಡಿ’ ಎಂದೋ ಪುಟ ನೇರವಾಗಿ ಹೇಳಬೇಕು. ಮೌನವನ್ನು ಎದುರಿಸಲು, ಆಯ್ಕೆಯಾದ ಮೈಕಿನ ಹೆಸರನ್ನು ತೋರಿಸಿ, ರೆಕಾರ್ಡಿಂಗ್‌ಗೆ ಮುನ್ನ ಕೆಲವು ಕ್ಷಣ ದನಿಮಟ್ಟ ಅಳೆಯಬೇಕು. ಅನುಮತಿ ಸಿಕ್ಕ ಮೇಲೆ ಸಾಧನದ ಹೆಸರನ್ನು ಬ್ರೌಸರೇ ಒದಗಿಸುವುದರಿಂದ ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ಕನ್ನಡ ದನಿ ಸಂಗ್ರಹಿಸುವ ಪ್ರತಿಯೊಂದು ಆ್ಯಪ್‌ಗೂ ದೋಷಕ್ಕೆ ತಕ್ಕ ಸಂದೇಶ, ಮುಂಚಿತ ದನಿಪರೀಕ್ಷೆ ಇವೆರಡು ಕನಿಷ್ಠ ಮಾನದಂಡಗಳಾಗಬೇಕು.