ಅಣಕು ಕದನದ ಅಸಲಿ ಉಡುಪು

ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ (1861–65) ಕಾಳಗಗಳನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಹವ್ಯಾಸ ಬಲಿತದ್ದು ಆ ಯುದ್ಧದ ಶತಮಾನೋತ್ಸವದ ಹೊತ್ತಿಗೆ. 1961ರ ಜುಲೈಯಲ್ಲಿ ವರ್ಜೀನಿಯಾದ ಮನಾಸಸ್‌ನಲ್ಲಿ ಮೊದಲ ದೊಡ್ಡ ಕಾಳಗವನ್ನು ಮರುನಟಿಸಿದಾಗ ಅನೇಕರು ತೊಟ್ಟಿದ್ದು ಅಂಗಡಿಯಲ್ಲಿ ಸಿಗುವ ಬೂದು, ನೀಲಿ ಬಣ್ಣದ ಹತ್ತಿ ಬಟ್ಟೆಗಳನ್ನೇ. ದೂರದಲ್ಲಿ ಕುಳಿತ ಪ್ರೇಕ್ಷಕರಿಗೆ ಯಾರು ಯಾವ ಪಕ್ಷವೆಂದು ತಿಳಿದರೆ ಸಾಕಿತ್ತು.

ಬಟ್ಟೆಗಿಂತ ಮೊದಲು ಸುಧಾರಿಸಿದ್ದು ಬಂದೂಕು. 1950ರಲ್ಲಿ ಆರಂಭವಾದ ನಾರ್ತ್-ಸೌತ್ ಸ್ಕರ್ಮಿಷ್ ಅಸೋಸಿಯೇಷನ್ ಹಳೆಯ ಮಾದರಿಯ ಬಂದೂಕುಗಳ ಗುರಿ ಸ್ಪರ್ಧೆ ನಡೆಸುತ್ತಿತ್ತು. ಬೇಡಿಕೆ ಹೆಚ್ಚಿದಂತೆ ಇಟಲಿಯ ಬ್ರೆಷಾ ಸೀಮೆಯ ಕಾರ್ಖಾನೆಗಳು ಪ್ರತಿಕೃತಿಗಳನ್ನು ತಯಾರಿಸತೊಡಗಿದವು. ಇದು ಅಷ್ಟೇನೂ ಕಷ್ಟವಿರಲಿಲ್ಲ. ಆ ಯುದ್ಧದ ಸ್ಪ್ರಿಂಗ್‌ಫೀಲ್ಡ್ ಬಂದೂಕು ಮೊದಲೇ ಯಂತ್ರದಲ್ಲಿ ತಯಾರಾದದ್ದು, ಅದರ ಮಾದರಿಗಳೂ ಬೇಕಾದಷ್ಟು ಉಳಿದಿದ್ದವು. ಸಾಮಾನ್ಯ ಸೈನಿಕನ ಕೋಟಾದರೋ ಮೈಮೇಲೆಯೇ ಹರಿದುಹೋಗಿತ್ತು. ಉಳಿದದ್ದರಲ್ಲಿ ಅಧಿಕಾರಿಗಳ ಅಲಂಕಾರದ ಉಡುಪೇ ಹೆಚ್ಚು.

ಸಮವಸ್ತ್ರದ ನಿಜವಾದ ಅಧ್ಯಯನ ಚುರುಕಾದದ್ದು 1980ರ ದಶಕದಲ್ಲಿ. ವಸ್ತುಸಂಗ್ರಹಾಲಯಗಳ ಕೋಟುಗಳನ್ನು ಒಳಗಿನಿಂದ ನೋಡುವುದು ಆಗ ರೂಢಿಗೆ ಬಂತು. 1989ರಲ್ಲಿ ಲೆಸ್ಲಿ ಜೆನ್ಸನ್ ದಕ್ಷಿಣದ ಸರ್ಕಾರಿ ಉಗ್ರಾಣಗಳ ಜಾಕೆಟ್‌ಗಳನ್ನು ಕತ್ತರಿಕೆಯ ಆಧಾರದಲ್ಲಿ ವಿಂಗಡಿಸಿ ಪ್ರಕಟಿಸಿದ ಲೇಖನ ಇಡೀ ಕಸುಬಿನ ದಿಕ್ಕು ಬದಲಿಸಿತು. ದಕ್ಷಿಣದವರು ಕೈಗೆ ಸಿಕ್ಕಿದ್ದನ್ನು ತೊಟ್ಟ ಚಿಂದಿ ಸೈನಿಕರೆಂಬ ಜನಪ್ರಿಯ ಚಿತ್ರ ಮಸುಕಾಯಿತು. ರಿಚ್ಮಂಡ್ ಉಗ್ರಾಣದ ಜಾಕೆಟ್ಟಿಗೂ ಬೇರೆ ಉಗ್ರಾಣದ್ದಕ್ಕೂ ಇರುವ ವ್ಯತ್ಯಾಸ ದರ್ಜಿಗಳಿಗೆ ತಿಳಿಯಿತು.

ಆಮೇಲೆ ಬಟ್ಟೆಯ ಸರದಿ. ದಕ್ಷಿಣದ ಜೀನ್ ಬಟ್ಟೆಗೆ ಹಾಸು ಹತ್ತಿಯದು, ಹೊಕ್ಕು ಉಣ್ಣೆಯದು. ಹಾಸು ಎಳೆ ಬಣ್ಣ ಕಾಣದೆ ಬಿಳಿಯಾಗಿಯೇ ಉಳಿದಿರುವುದೂ ಉಂಟು. ಸಸ್ಯಬಣ್ಣದ ಬೂದು, ಬಿಸಿಲಿಗೆ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಕಾರ್ಖಾನೆಯ ರಾಸಾಯನಿಕ ಬಣ್ಣ ಹೀಗೆ ಕಂದುವುದಿಲ್ಲ, ಹಾಗಾಗಿ ಕೆಲವರು ನೂಲನ್ನೇ ಹಳೆಯ ಕ್ರಮದಲ್ಲಿ ಅದ್ದಿ ನೇಯಿಸಿದರು. ಉತ್ತರದ ಸೈನಿಕನ ನಾಲ್ಕು ಗುಂಡಿಯ ಕಡುನೀಲಿ ಕೋಟಿನಲ್ಲಿ ಪರೀಕ್ಷೆ ನಡೆಯುವುದು ಕಾಜಾದಲ್ಲಿ. ಉದ್ದ ಹೊಲಿಗೆಯನ್ನು ಯಂತ್ರದಲ್ಲಿ ಹಾಕಿದ ಕೋಟಿಗೂ ಆಗ ಕಾಜಾ ಹೊಲಿಯುತ್ತಿದ್ದದ್ದು ಕೈಯಲ್ಲೇ. ಇಂದಿನ ಯಂತ್ರದ ಕಾಜಾ ಹತ್ತು ಹೆಜ್ಜೆ ದೂರದಿಂದಲೇ ಗುಟ್ಟು ಬಿಟ್ಟುಕೊಡುತ್ತದೆ. ಬೂಟಿನ ಅಟ್ಟೆಗೆ ಮರದ ಮೊಳೆ ಹೊಡೆದಿದೆಯೇ ಎಂದು ನೋಡುವವರೂ ಇದ್ದಾರೆ.

1989ರ ‘ಗ್ಲೋರಿ’, 1993ರ ‘ಗೆಟಿಸ್‌ಬರ್ಗ್’ ಚಿತ್ರಗಳಲ್ಲಿ ಹವ್ಯಾಸಿಗಳೇ ಸೈನ್ಯವಾಗಿ ನಿಂತರು. ಹವ್ಯಾಸ ಹಿಗ್ಗಿದಂತೆ ಒಳಗೇ ಒಡಕು ಮೂಡಿತು: ಅಸಡ್ಡೆಯ ಉಡುಪಿನವರನ್ನು ಕಟ್ಟುನಿಟ್ಟಿನವರು ‘ಫಾರ್ಬ್’ ಎಂದು ಹೀಯಾಳಿಸಿದರೆ, ಇವರಿಗೆ ಅವರು ‘ಹೊಲಿಗೆ ಎಣಿಸುವವರು’ ಎಂದು ಮರುಹೆಸರಿಟ್ಟರು. ಗುಂಡಿಗಳಿಗೆ ಹಳೆಯ ಕಳೆ ಬರಲೆಂದು ಮೂತ್ರದಲ್ಲಿ ನೆನೆಹಾಕುವವನೊಬ್ಬ ಟೋನಿ ಹಾರ್ವಿಟ್ಸ್ ಅವರ 1998ರ ಪುಸ್ತಕದಲ್ಲಿ ಬರುತ್ತಾನೆ. 1862ರ ಸೈನಿಕನಿಗೆ ಸಿಕ್ಕಿದ್ದು ಹೊಸ ಗುಂಡಿಯೇ ಎಂಬುದನ್ನು ಈ ಉತ್ಸಾಹ ಮರೆಯುತ್ತದೆ.

ಅಗ್ಗದ ಸರಕಿನ ಮಾರುಕಟ್ಟೆಗೆ ಭಾರತವೂ ಬಂದಿದೆ. ಡೆಹ್ರಾಡೂನ್, ಮೀರತ್‌ಗಳಲ್ಲಿ ತಯಾರಾದ ಕತ್ತಿ, ಕವಚ, ಶಿರಸ್ತ್ರಾಣಗಳು ರೋಮನ್ ಕಾಲದಿಂದ ಹಿಡಿದು ಎಲ್ಲ ಯುಗಗಳ ಅಣಕು ಸೈನಿಕರನ್ನು ತಲುಪುತ್ತವೆ.

ಈಚಿನ ದಶಕಗಳಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂದಿನ ಛಾಯಾಚಿತ್ರಗಳನ್ನು ಸೂಕ್ಷ್ಮ ಡಿಜಿಟಲ್ ಪ್ರತಿಗಳಾಗಿ ತೆರೆದಿಟ್ಟಿದೆ. 2010ರಲ್ಲಿ ಲಿಲಿಯೆನ್‌ಕ್ವಿಸ್ಟ್ ಕುಟುಂಬ ದಾನ ಮಾಡಿದ ಸೈನಿಕರ ಭಾವಚಿತ್ರಗಳೂ ಇದರಲ್ಲಿವೆ. ಇವನ್ನು ಓದಲು ಎಚ್ಚರ ಬೇಕು. ತಗಡಿನ ಮೇಲಿನ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿರುವುದರಿಂದ ಬಲಸೊಂಟದ ಚೀಲ ಎಡಕ್ಕೆ ಕಾಣುತ್ತದೆ. ಅಂದಿನ ಲೇಪ ನೀಲಿ ಬೆಳಕಿಗೆ ಅತಿಯಾಗಿ, ಕೆಂಪಿಗೆ ಬಹಳ ಕಡಿಮೆಯಾಗಿ ಸ್ಪಂದಿಸುತ್ತಿದ್ದರಿಂದ ಆಕಾಶನೀಲಿ ಪ್ಯಾಂಟು ಬಹುತೇಕ ಬಿಳಿಚಿಕೊಂಡು ಕಾಣುತ್ತದೆ. ಕತ್ತರಿಕೆಗೆ ಚಿತ್ರ ಸಾಕ್ಷಿಯಾಗಬಲ್ಲದು, ಬಣ್ಣಕ್ಕಲ್ಲ. ಬಣ್ಣಕ್ಕಾಗಿ ನೇಕಾರರು ಇಂದಿಗೂ ಹಳೆಯ ಕೋಟಿನ ಹೊಲಿಗೆಯಂಚನ್ನು ಬಿಡಿಸಿ, ಬೆಳಕು ತಾಗದ ಮಡಿಕೆಯ ಒಳಗೇ ಹುಡುಕಬೇಕು.