ಗ್ರಾಫಿಕ್ಸ್ ಕಾರ್ಡ್ ಬದಲಾವಣೆ: ಯಾವಾಗ ಅಗತ್ಯ, ಯಾವಾಗ ಅನಗತ್ಯ?

ಗೇಮಿಂಗ್ ಕಂಪ್ಯೂಟರಿನಲ್ಲಿ ತೆರೆಯ ಮೇಲಿನ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಬಾರಿ ಹೊಸದಾಗಿ ರಚಿಸುವ ಹೊಣೆ ಗ್ರಾಫಿಕ್ಸ್ ಕಾರ್ಡಿನದು. ಬಿಡಿಭಾಗಗಳ ಪೈಕಿ ಸಾಮಾನ್ಯವಾಗಿ ಅತ್ಯಂತ ದುಬಾರಿಯಾದುದೂ ಅದೇ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಊರಿನಲ್ಲಿ ಈ ಖರೀದಿಯ ಭಾರ ಇನ್ನೂ ಹೆಚ್ಚು. ತೆಂಗು, ಅಡಿಕೆಯ ಹಣ ಕೈಸೇರಿದ ಮೇಲೆ ಮನೆಯವರನ್ನು ಒಪ್ಪಿಸಿ ಕೊಳ್ಳಬೇಕಾದ ವಸ್ತುವದು. ಹೊಂದದ ಕಾರ್ಡ್ ತಂದರೆ ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಮತ್ತೊಮ್ಮೆ ಹೋಗಬೇಕಾದೀತು.

ಆಟ ತಡವರಿಸಿದಾಕ್ಷಣ ದೋಷ ಕಾರ್ಡಿನದೇ ಎಂದು ತೀರ್ಮಾನಿಸುವುದು ಸರಿಯಲ್ಲ. ಪರೀಕ್ಷೆ ಸರಳವಾಗಿದೆ. ಆಟದ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡಬೇಕು. ಚಲನೆ ಗಮನಾರ್ಹವಾಗಿ ಸರಾಗವಾದರೆ ಅಡಚಣೆ ಕಾರ್ಡಿನದು. ಏನೂ ಬದಲಾಗದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಸೋತಿದೆ ಎಂದೇ ತಿಳಿಯಬೇಕು. ಆಗ ಎಷ್ಟು ಬೆಲೆಯ ಕಾರ್ಡ್ ತಂದರೂ ಹೆಚ್ಚಿನ ಪ್ರಯೋಜನವಾಗದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಕೂಡ ಕಾರ್ಡಿನ ಬಳಕೆಯ ಪ್ರಮಾಣವನ್ನು ತೋರಿಸುತ್ತದೆ. ಆಡುವಾಗ ಅದು ಸತತವಾಗಿ ಶೇ. 95ರ ಮೇಲಿದ್ದರೆ ಕಾರ್ಡ್ ತನ್ನ ಪೂರ್ಣ ಶಕ್ತಿ ವ್ಯಯಿಸುತ್ತಿದೆ ಎಂದರ್ಥ.

ಬಯಲುಸೀಮೆಯ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫ್ಯಾನಿನ ರೆಕ್ಕೆಗಳಲ್ಲಿ ಧೂಳು ಕಟ್ಟಿಕೊಂಡಾಗ ಚಿಪ್ ಬಿಸಿಯೇರಿ, ಸುಟ್ಟುಹೋಗದಿರಲೆಂದು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾತ್ರ ಕಾಡುವ ತೊಂದರೆಗೆ ಬಹುಮಟ್ಟಿಗೆ ಇದೇ ಕಾರಣ. ಫ್ಯಾನ್ ತಿರುಗದಂತೆ ಹಿಡಿದು ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಎಷ್ಟೋ ಹಳೆಯ ಕಾರ್ಡುಗಳು ಚೇತರಿಸಿಕೊಳ್ಳುತ್ತವೆ.

ಇಷ್ಟಾದರೂ ಕೆಲವು ಮಿತಿಗಳನ್ನು ಮೀರಲಾಗದು. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, 2025ರ ಮೇ ತಿಂಗಳ ‘ಡೂಮ್: ದ ಡಾರ್ಕ್ ಏಜಸ್’ ಆಟಗಳು ರೇ ಟ್ರೇಸಿಂಗ್ ಯಂತ್ರಾಂಶವಿರುವ ಕಾರ್ಡನ್ನೇ ಬೇಡುತ್ತವೆ. 2016ರ ಜಿಟಿಎಕ್ಸ್ 1060ರಲ್ಲಿ ಆ ಸೌಲಭ್ಯವಿಲ್ಲ. ಎನ್ವಿಡಿಯಾ ಸಂಸ್ಥೆಯು ಜಿಟಿಎಕ್ಸ್ 900 ಮತ್ತು 10 ಸರಣಿಗಳಿಗೆ ಹೊಸ ಆಟಗಳ ಡ್ರೈವರ್ ನೀಡುವುದನ್ನು 2025ರ ಅಕ್ಟೋಬರ್‌ಗೆ ಕೊನೆಗೊಳಿಸಿದ್ದು, ಭದ್ರತಾ ಪರಿಷ್ಕರಣೆಗಳನ್ನು 2028ರ ಅಕ್ಟೋಬರ್‌ವರೆಗೆ ಒದಗಿಸುವುದಾಗಿ ತಿಳಿಸಿದೆ. ಹಾಗೆಂದು ಆ ಕಾರ್ಡುಗಳು ಮೂಲೆ ಸೇರಬೇಕಿಲ್ಲ. ವ್ಯಾಲೊರಂಟ್, ಜಿಟಿಎ 5 ಆಡಿಕೊಂಡಿರುವವರಿಗೆ ಅವು ಇನ್ನೂ ಸಾಕು.

ಖರೀದಿ ಅನಿವಾರ್ಯವೆನಿಸಿದರೆ ಉಳಿದ ಭಾಗಗಳತ್ತ ಕಣ್ಣುಹಾಯಿಸಬೇಕು. 2023ರ ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್ ಬಳಸುತ್ತದೆ. ಹಳೆಯ 1060ಕ್ಕೆ 120 ವ್ಯಾಟ್ ಬೇಕಿತ್ತು. ಆದ್ದರಿಂದ ಸುಸ್ಥಿತಿಯಲ್ಲಿರುವ ಪವರ್ ಸಪ್ಲೈಗೆ ಹೊಸ ಹೊರೆಯೇನೂ ಇಲ್ಲ. ಇನ್ನೂ ದೊಡ್ಡ ಕಾರ್ಡುಗಳು 200 ವ್ಯಾಟ್ ದಾಟುತ್ತವೆ. ಆಗಾಗ ವಿದ್ಯುತ್ ಹೋಗುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ: 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ನಷ್ಟು ಮಾತ್ರ ಹೊರಬಲ್ಲದು. ಮಾನಿಟರ್ 60 ಹರ್ಟ್ಸ್‌ನದಾದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳು ತೆರೆಯ ಮೇಲೆ ಮೂಡುವುದೂ ಇಲ್ಲ.

ಬೆಲೆ ಇಳಿಯಲಿ ಎಂದು ಕಾಯುವ ಲೆಕ್ಕ ಸದಾ ಫಲಿಸದು. 2020-22ರ ಅವಧಿಯಲ್ಲಿ ಚಿಪ್ ಕೊರತೆ ಮತ್ತು ಕ್ರಿಪ್ಟೊ ಗಣಿಗಾರಿಕೆಯಿಂದ ದರ ಗಗನಕ್ಕೇರಿತ್ತು. 2025ರ ಅಂತ್ಯದಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ತುಟ್ಟಿಯಾಯಿತು. ಹಾಗೆಂದು ಬರಲಿರುವ ಆಟಕ್ಕಾಗಿ ಈಗಲೇ ಕಾರ್ಡ್ ಕೊಳ್ಳುವುದು ಇನ್ನೂ ಅವಿವೇಕ. ಜಿಟಿಎ 5 ಕನ್ಸೋಲ್‌ಗಳಿಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಕಂಪ್ಯೂಟರಿಗೆ 2015ರ ಏಪ್ರಿಲ್‌ನಲ್ಲಿ. ಆಟ ಕೈಗೆ ಬಂದು, ಹಳೆಯ ಕಾರ್ಡ್ ಸೋತ ಮೇಲೆ ಕೊಂಡರೆ ಸಾಕು.

2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ವಿಧಾನ ಬದಲಿಸಿದ ಬಳಿಕ ಗಣಿಗಾರಿಕೆಯಲ್ಲಿ ದುಡಿದಿದ್ದ ಕಾರ್ಡುಗಳು ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಬಳಸಿದ ಕಾರ್ಡ್ ಕೊಳ್ಳುವವರು ಮೂಲ ಬಿಲ್ಲಿನಲ್ಲಿರುವ ಸೀರಿಯಲ್ ಸಂಖ್ಯೆಯನ್ನು ಕಾರ್ಡಿನ ಮೇಲಿನದಕ್ಕೆ ತಾಳೆ ನೋಡಿ, ಮಾರುವವರ ಎದುರೇ ಕನಿಷ್ಠ ಅರ್ಧ ಗಂಟೆ ಆಡಿಸಿ ನೋಡಿದ ಮೇಲಷ್ಟೇ ಹಣ ಕೊಡುವುದು ಒಳಿತು.